ಹಾರಾಟ ಕಲಿಯಲು ನಾನು ದುಡ್ಡು ಹೊಂದಿಸಿದ ಬಗೆ

ಪ್ರತಿ ಹಾರಾಟ ಬರೆದಿಡುವ ಲಾಗ್‌ಬುಕ್‌ನ ಮೊದಲ ಪುಟಗಳನ್ನು ತೆರೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕೆಟ್ಟದಾಗಿ ಹಾರಿದ್ದೆ ಅಂತಲ್ಲ. ದಿನಾಂಕದ ಕಾಲಂ ನೋಡಿದರೆ ಸಾಕು: ಒಂದು ಹಾರಾಟಕ್ಕೂ ಮುಂದಿನದಕ್ಕೂ ನಡುವೆ 18 ದಿನ, 25 ದಿನ, ಒಂದು ಕಡೆಯಂತೂ ಎರಡು ತಿಂಗಳು. ಸಂಬಳ ಬಂದ ವಾರ ಒಂದು ಗಂಟೆ ಹಾರುವುದು, ಆಮೇಲೆ ಮುಂದಿನ ಸಂಬಳಕ್ಕೆ ಕಾಯುವುದು. ಸಾಲದ ಗೊಡವೆಯಿಲ್ಲದೆ ಕಲಿಯುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ಹಾಗೇ 23 ಗಂಟೆ ಕಳೆದವು. ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರುವುದು, ಇನ್ನೂ ಆಗಿರಲಿಲ್ಲ. ಇಳಿಯುವಾಗ ರನ್‌ವೇ ಹತ್ತಿರ ಬಂದಂತೆ ವಿಮಾನದ ಮೂಗನ್ನು ಯಾವ ಎತ್ತರದಲ್ಲಿ ಮೇಲೆತ್ತಬೇಕು ಅನ್ನುವುದು ಕಣ್ಣಿಗೆ ಕೂರಬೇಕಾದ ವಿದ್ಯೆ, ಓದಿ ಬರುವಂಥದ್ದಲ್ಲ. ಪ್ರತಿ ಸಲ ನಾಲ್ಕನೇ ಲ್ಯಾಂಡಿಂಗ್ ಹೊತ್ತಿಗೆ ಅದು ಕೂರುತ್ತಿತ್ತು, ಐದನೆಯದು ಚೆನ್ನಾಗಿ ಬರುತ್ತಿತ್ತು, ಅಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು. ಮೂರು ವಾರ ಬಿಟ್ಟು ಹೋದರೆ ಮತ್ತೆ ಮೊದಲಿಂದ. ಒಂದು ಸಂಜೆ ವಿಮಾನಕ್ಕೆ ಹಗ್ಗ ಬಿಗಿಯುವಾಗ ಇನ್‌ಸ್ಟ್ರಕ್ಟರ್ ಹೇಳಿದರು: "ನೀನು ಹೊಸ ಪಾಠಕ್ಕೆ ದುಡ್ಡು ಕೊಡ್ತಾ ಇಲ್ಲ ಕಣಯ್ಯ. ಮರೆತಿದ್ದಕ್ಕೆ ದಂಡ ಕಟ್ತಾ ಇದ್ದೀಯ."

ಅವತ್ತೇ ನಿಲ್ಲಿಸಿದೆ. ಒಂಬತ್ತು ತಿಂಗಳು ವಿಮಾನ ಹತ್ತಲಿಲ್ಲ. ಪ್ರತಿ ತಿಂಗಳು ಹಾರಾಟಕ್ಕೆ ಹೋಗುತ್ತಿದ್ದ ಹಣ ಬೇರೆ ಖಾತೆಗೆ ಹೋಯಿತು. ವಾರಕ್ಕೆ ಮೂರು ಸಲದಂತೆ ಸೋಲೋ ದಾಟುವವರೆಗೂ ಹಾರುವಷ್ಟು ಸೇರುವ ತನಕ ಮುಟ್ಟಬಾರದೆಂದು ಹಟ ಹಿಡಿದೆ. ಹಾರಾಟದ ಖರ್ಚಿನ ಬಗ್ಗೆ ನನಗೆ ಗೊತ್ತಿರುವ ಅತಿ ದೊಡ್ಡ ಉಳಿತಾಯ ಇದೇ. ಗಂಟೆಯ ದರದಲ್ಲಿ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಇದರ ಮುಂದೆ ಚಿಲ್ಲರೆ.

ಆ ಒಂಬತ್ತು ತಿಂಗಳಲ್ಲಿ ದುಡ್ಡಿಲ್ಲದೆ ಆಗುವ ಕೆಲಸಗಳನ್ನು ಮುಗಿಸಿಕೊಂಡೆ. ಥಿಯರಿ ಓದಿ ಪರೀಕ್ಷೆ ಬರೆದೆ. ಕಾಕ್‌ಪಿಟ್ಟಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಚೆಕ್‌ಲಿಸ್ಟ್ ಬಾಯಲ್ಲಿ ಹೇಳುತ್ತ ಇಲ್ಲದ ಸ್ವಿಚ್ಚುಗಳನ್ನು ಒತ್ತುತ್ತ ಕೂರುತ್ತಿದ್ದೆ. ಮನೆಯವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿದ್ದೂ ಆಗಲೇ. ಇದು ಎಲ್ಲಕ್ಕಿಂತ ಮೊದಲು ಆಗಬೇಕಿತ್ತು. ಹಾರಾಟವನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಕ್ಲಾಸ್ 1, ಅಂದರೆ ಮೊದಲ ದರ್ಜೆಯ ಮೆಡಿಕಲ್ ಬೇಕೇ ಬೇಕು. ನನ್ನ ಜೊತೆ ಕಲಿಯುತ್ತಿದ್ದ ಒಬ್ಬರು ಎರಡನೇ ದರ್ಜೆಯ ಮೆಡಿಕಲ್‌ನಲ್ಲೇ ಹಾರುತ್ತ ಹೋಗಿ, 40 ಗಂಟೆ ದಾಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮೊದಲ ಕಂತು ಕಟ್ಟುವ ಮುಂಚೆ ಒಂದು ದಿನ ವೈದ್ಯರ ಮುಂದೆ ಕೂತಿದ್ದರೆ ಅಷ್ಟೂ ಹಣ ಉಳಿಯುತ್ತಿತ್ತು.

ಸರಿ, ಹಣ ಕೂಡಿತು. ಆಗ ಇನ್ನೊಂದು ತಪ್ಪು ಮಾಡಿದೆ. ಒಟ್ಟಿಗೆ 25 ಗಂಟೆಗೆ ಕಟ್ಟಿದರೆ ರಿಯಾಯಿತಿ ಎಂದು ಫ್ಲೈಯಿಂಗ್ ಸ್ಕೂಲಿನವರು ಹೇಳಿದರು, ಕಟ್ಟಿದೆ. ಮೊದಮೊದಲು ಎಲ್ಲ ಸೊಗಸಾಗಿತ್ತು. ವಾರಕ್ಕೆ ಮೂರು ಸಲ ಹಾರಿ ಆರನೇ ಗಂಟೆಗೇ ಸೋಲೋ ಆಯಿತು. ಆಮೇಲೆ ಇದ್ದ ಎರಡು ವಿಮಾನಗಳಲ್ಲಿ ಒಂದು 100 ಗಂಟೆಯ ತಪಾಸಣೆಗೆಂದು ಹ್ಯಾಂಗರ್ ಸೇರಿದ್ದು ಹೊರಗೆ ಬರಲೇ ಇಲ್ಲ. ಬಿಡಿಭಾಗ ಬರಬೇಕು ಅನ್ನುತ್ತಿದ್ದರು. ಸಂಬಳ ತಡವಾದಾಗ ಇನ್‌ಸ್ಟ್ರಕ್ಟರ್‌ಗಳು ಒಬ್ಬೊಬ್ಬರೇ ಬಿಟ್ಟರು. ಒಂದು ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ನಾನು ಹಾರಿದ್ದು 14 ಗಂಟೆ, ಮುಳುಗಿದ್ದು 11. ಕೈಯಲ್ಲಿ ಉಳಿದಿದ್ದು ರಸೀದಿ.

ಅಲ್ಲಿಂದಾಚೆಗೆ ಒಂದೇ ನಿಯಮ: ನಾಲ್ಕೈದು ಗಂಟೆಗಿಂತ ಹೆಚ್ಚಿನ ಹಣ ಯಾವ ಸ್ಕೂಲಿನ ಬಳಿಯೂ ನನ್ನ ಲೆಕ್ಕದಲ್ಲಿ ಇರಕೂಡದು. ರಿಯಾಯಿತಿ ಹೋದರೆ ಹೋಗಲಿ. ಮುಂಗಡ ಕೊಟ್ಟರೆ ನಾವು ಅವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ, ಅದಕ್ಕೆ ಭದ್ರತೆಯೂ ಇರುವುದಿಲ್ಲ. ಹೊಸ ಸ್ಕೂಲು ಆರಿಸುವಾಗ ದರಪಟ್ಟಿಗಿಂತ ಮೊದಲು ಕೇಳಿದ್ದು, ಎಷ್ಟು ವಿಮಾನ ಇವತ್ತು ಹಾರುವ ಸ್ಥಿತಿಯಲ್ಲಿವೆ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ.

ಆಮೇಲೆ ಕೇಳಿದ್ದು, ಬಿಲ್ಲು ಯಾವ ಮೀಟರಿನ ಮೇಲೆ. ಇದನ್ನು ಹೊಸಬರು ಯಾರೂ ಕೇಳುವುದಿಲ್ಲ. ಹಾಬ್ಸ್ ಮೀಟರ್ ಸಾಮಾನ್ಯವಾಗಿ ಎಂಜಿನ್ ಶುರುವಾಗಿ ಆಯಿಲ್ ಒತ್ತಡ ಏರಿದಾಗಿನಿಂದ ಗಡಿಯಾರದಂತೆ ಓಡುತ್ತದೆ. ಟ್ಯಾಕೋ ಎಂಬ ಇನ್ನೊಂದು ಮೀಟರ್ ಓಡುವುದು ಎಂಜಿನ್ ತಿರುಗುವ ವೇಗಕ್ಕೆ ತಕ್ಕಂತೆ, ಹಾಗಾಗಿ ನೆಲದ ಮೇಲೆ ಕಡಿಮೆ ಆರ್‌ಪಿಎಂನಲ್ಲಿ ನಿಧಾನ. ಒಂದೇ ಹಾರಾಟಕ್ಕೆ ನನ್ನ ಟಿಪ್ಪಣಿಯಲ್ಲಿ ಹಾಬ್ಸ್ 1.3, ಟ್ಯಾಕೋ 1.1 ಎಂದಿದೆ. ಮೀಟರಿನ ಕೊನೆಯ ಅಂಕಿ ಒಂದು ಮನೆ ಸರಿದರೆ ಆರು ನಿಮಿಷ. ರನ್‌ವೇಗೆ ಹೋಗುವ ಮುಂಚೆ ಕಾಯುವ ಹೋಲ್ಡಿಂಗ್ ಪಾಯಿಂಟ್‌ನಲ್ಲಿ ಮುಂದೆ ಮೂರು ವಿಮಾನ ನಿಂತಿರುವಾಗ ಆ ಅಂಕಿ ಮೆಲ್ಲಗೆ ಉರುಳಿ ಬೀಳುವುದನ್ನು ನೋಡುತ್ತ ಕೂತಿದ್ದೇನೆ. ಅದಕ್ಕೇ ಜಾಗದ ಗಲಾಟೆ ಕಡಿಮೆಯಿರುವ ಬೆಳಗಿನ ಮೊದಲ ಸ್ಲಾಟ್ ಹಿಡಿಯಲು ಶುರುಮಾಡಿದೆ. ಗಾಳಿಯೂ ಶಾಂತ.

ವಿಮಾನವೂ ಚಿಕ್ಕದೇ ಇರಲಿ ಅಂದುಕೊಂಡೆ. ಎರಡು ಸೀಟಿನ ಸೆಸ್ನಾ 152 ಗಂಟೆಗೆ ಸುಮಾರು 22 ಲೀಟರ್ ಇಂಧನ ಕುಡಿದರೆ ನಾಲ್ಕು ಸೀಟಿನ 172 ಮೂವತ್ತು ದಾಟುತ್ತದೆ. ರನ್‌ವೇಯಿಂದ ಏರಿ ಒಂದು ಸುತ್ತು ಬಂದು ಮತ್ತೆ ಇಳಿಯುವ ಸರ್ಕ್ಯೂಟ್ ಸುತ್ತಲು ಚಿಕ್ಕದು ಸಾಕು. ಆದರೆ 172ರಲ್ಲಿ ಹಿಂದಿನ ಸೀಟು ಉಂಟು! ಇನ್ನೊಬ್ಬ ವಿದ್ಯಾರ್ಥಿಯ ಪಾಠಕ್ಕೆ, ಅವರೂ ಸ್ಕೂಲಿನವರೂ ಒಪ್ಪಿದಾಗ, ಹಿಂದೆ ಕೂತು ನೋಡಿದೆ. ಲಾಗ್‌ಬುಕ್‌ಗೆ ಒಂದು ನಿಮಿಷವೂ ಸೇರುವುದಿಲ್ಲ, ಖರ್ಚೂ ಇಲ್ಲ. ಮುಂದೆ ಕೂತಾಗ ಕೇಳಿಸದ ರೇಡಿಯೋ ಮಾತು ಹಿಂದೆ ಕೂತಾಗ ಸ್ಪಷ್ಟವಾಗಿ ತಿಳಿಯುತ್ತಿತ್ತು.

ವಾರಾಂತ್ಯಗಳಲ್ಲಿ ಅದೇ ಸ್ಕೂಲಿನ ವಿಮಾನ ತೊಳೆದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಬಡಿದು ಒಣಗಿದ ಹುಳಗಳನ್ನು ಒದ್ದೆ ಬಟ್ಟೆ ಹೊದಿಸಿ ನೆನೆಸಿ, ಉಜ್ಜದೆ ತೆಗೆಯಬೇಕು. ನಾಲ್ಕು ವಿಮಾನ ತೊಳೆದರೆ ಅರ್ಧ ಗಂಟೆಯ ಹಾರಾಟ ನನ್ನ ಲೆಕ್ಕಕ್ಕೆ ಜಮಾ. ದರ ಲಾಭದ್ದೇನಲ್ಲ. ಆದರೆ ಅಲ್ಲಿ ಇರುತ್ತಿದ್ದರಿಂದ ಯಾರಾದರೂ ಸ್ಲಾಟ್ ರದ್ದು ಮಾಡಿದರೆ ಮೊದಲು ಕರೆಯುತ್ತಿದ್ದುದು ನನ್ನನ್ನೇ.

ಖಾಸಗಿ ಲೈಸೆನ್ಸ್ ಕೈಗೆ ಬಂದಾಗ ಒಟ್ಟು 58 ಗಂಟೆ ಆಗಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಕನಿಷ್ಠ 40, ಮಾನ್ಯತೆಯ ಕೋರ್ಸ್ ಆದರೆ 35. ಕರಪತ್ರಗಳಲ್ಲಿ ಲೆಕ್ಕ ಕಟ್ಟುವುದು ಈ ಕನಿಷ್ಠದ ಮೇಲೆ. ನಾನು ಮುಂದಿನ ಹಂತಕ್ಕೆ ಕನಿಷ್ಠಕ್ಕಿಂತ ಕಾಲು ಭಾಗ ಹೆಚ್ಚು ಹಣ ಇಟ್ಟುಕೊಂಡೆ. ಪರೀಕ್ಷಕರ ಶುಲ್ಕ, ಪರೀಕ್ಷೆಯ ದಿನದ ವಿಮಾನದ ಬಾಡಿಗೆ, ಒಮ್ಮೆ ಫೇಲಾದರೆ ಮತ್ತೊಮ್ಮೆ ಅದೇ ಎರಡೂ, ಹೆಡ್‌ಸೆಟ್, ನಕ್ಷೆ. ಇವೆಲ್ಲ ಆ ಕಾಲು ಭಾಗದಲ್ಲೇ ಕರಗಿದವು.

ಸಂಬಳಕ್ಕೆ ಹಾರಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ಅದೇ ಮಾನದಂಡದಲ್ಲಿ 200 ಗಂಟೆ, ಮಾನ್ಯತೆಯ ಕೋರ್ಸಿನಲ್ಲಿ 150. ನಡುವಿನ ಗಂಟೆಗಳನ್ನು ಗೆಳೆಯನೊಬ್ಬನ ಜೊತೆ ಕೂಡಿಸಿದೆ. ಹೋಗುವಾಗ ಅವನು, ಬರುವಾಗ ನಾನು, ಅವರವರ ದಾರಿಯ ಬಿಲ್ಲು ಅವರವರದು. ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಹೊತ್ತು, ಅವರವರು ಹಾರಿದ್ದನ್ನಷ್ಟೇ ಬರೆದುಕೊಂಡೆವು. ಇಬ್ಬರೂ ಒಂದೇ ಗಂಟೆಯನ್ನು ಬರೆದುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಪುಸಲಾಯಿಸುವವರೂ ಇದ್ದಾರೆ. ಮುಂದೆ ಕೆಲಸಕ್ಕೆ ಹೋದಾಗ ಲಾಗ್‌ಬುಕ್‌ನ ಪುಟಪುಟ ತಿರುವುತ್ತಾರೆ ಅನ್ನುವುದನ್ನು ಅವರು ಹೇಳುವುದಿಲ್ಲ.

ಸಾಲ ಮಾಡಿದ್ದು ಕೊನೆಗೆ, ಇನ್‌ಸ್ಟ್ರುಮೆಂಟ್ (ಉಪಕರಣ ನೋಡಿಯೇ ಹಾರುವುದು) ಮತ್ತು ಮಲ್ಟಿ ಎಂಜಿನ್ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನ) ಹಂತಕ್ಕೆ ಮಾತ್ರ. ಆ ಗಂಟೆಗಳು ದುಬಾರಿ, ಆದರೆ ಕಡಿಮೆ ಮತ್ತು ಒಂದೇ ಉಸಿರಿನಲ್ಲಿ ಮುಗಿಸಬಹುದಾದವು. ಓದುವಾಗ ಕಂತು ಕಟ್ಟಬೇಕಾಗಿಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ಹಲವರು ತಿಳಿಯುತ್ತಾರೆ. ನನ್ನ ಸಾಲಪತ್ರದಲ್ಲಿ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿತ್ತು, ಆಮೇಲೆ ಅಸಲಿಗೆ ಸೇರಿಕೊಳ್ಳುತ್ತಿತ್ತು. ಆರಂಭದಲ್ಲೇ ಪೂರ್ತಿ ತರಬೇತಿಗೆ ಸಾಲ ಎತ್ತಿದ್ದರೆ, ನಾನು ಕುರ್ಚಿಯ ಮೇಲೆ ಕೂತು ಹಾರಿದ ತಿಂಗಳುಗಳಿಗೂ ಬಡ್ಡಿ ಕಟ್ಟುತ್ತಿದ್ದೆ. ಜಾಮೀನಿಗೆ ಅಪ್ಪನ ಸಹಿ ಬೇಡವೆಂದೇ ಸಾಲದ ಮೊತ್ತ ಕಡಿಮೆ ಇಟ್ಟುಕೊಂಡೆ. ಆ ವಿಷಯದಲ್ಲಿ ಲೆಕ್ಕಾಚಾರ ಏನೂ ಇರಲಿಲ್ಲ.

ಲೈಸೆನ್ಸ್ ಬಂದ ಮೇಲೆ ಕೆಲಸಕ್ಕೆ 14 ತಿಂಗಳು ಕಾದೆ. ಆಗಲೂ ಹಾರುತ್ತಿರಬೇಕು, ಮೆಡಿಕಲ್ ಮತ್ತು ರೇಟಿಂಗ್ (ಲೈಸೆನ್ಸಿಗೆ ಸೇರುವ ಹೆಚ್ಚುವರಿ ಅರ್ಹತೆ) ನವೀಕರಿಸಬೇಕು. ಅದಕ್ಕೆಂದು ತೆಗೆದಿಟ್ಟಿದ್ದು ಒಂಬತ್ತು ತಿಂಗಳಿಗೆ ಸಾಕಾಯಿತು. ಉಳಿದ ಐದು ತಿಂಗಳು ಮತ್ತೆ ಒದ್ದೆ ಬಟ್ಟೆ ಹಿಡಿದೆ. ಈಗ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಸಾಲದಲ್ಲಿ ಇನ್ನೂ 19 ಕಂತು ಬಾಕಿ ಇವೆ.