ಗೇಮ್ ಡಿಸೈನ್ ಓದುವವರಿಗೆ: ಚಿಕ್ಕದು ಮಾಡಿ, ಆದರೆ ಮುಗಿಸಿ

ಗೇಮ್ ಡಿಸೈನ್ ಪದವಿಗೆ ಸೇರಿದವರಿಗೆ ಒಂದು ಮಾತು. ಮೊದಲ ವರ್ಷವೇ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತ ದೊಡ್ಡ ಗೇಮ್‌ಗಿಂತ, ಐದು ನಿಮಿಷದಲ್ಲಿ ಆಡಿ ಮುಗಿಸಬಹುದಾದ ಮೂರು ಚಿಕ್ಕ ಗೇಮ್‌ಗಳು ಪೋರ್ಟ್‌ಫೋಲಿಯೊದಲ್ಲಿ ಜಾಸ್ತಿ ತೂಗುತ್ತವೆ.

ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೊ ಎಂಜಿನ್ ಉಚಿತ. ಅದರಲ್ಲಿ ಬರೀ ಒಂದು ಜಿಗಿತ ಮಾಡಿ ನೋಡಿ. ಪಾತ್ರ ನಿಂತ ಕಟ್ಟೆಯ ಅಂಚು ದಾಟಿದ ಮೇಲೂ 6 ಫ್ರೇಮ್‌ವರೆಗೆ ಜಿಗಿಯಲು ಬಿಡಿ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇ. ಇದಕ್ಕೆ ಕೊಯೋಟಿ ಟೈಮ್ ಅನ್ನುತ್ತಾರೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ 'ಬಟನ್ ಒತ್ತಿದೆ, ಜಿಗಿಯಲೇ ಇಲ್ಲ' ಅನ್ನುವ ಸಿಟ್ಟು ಇಳಿಯುತ್ತದೆ. ಡಿಸೈನ್ ಅಂದರೆ ಇದೇ ಅಲ್ವಾ?

ಆಮೇಲೆ ಬೇರೆಯವರ ಕೈಗೆ ಕೊಟ್ಟು ಆಡಿಸಿ. ಪಕ್ಕದಲ್ಲಿ ಸುಮ್ನೆ ಕೂತು ನೋಡಿ, ಏನೂ ಹೇಳಿಕೊಡಬೇಡಿ. ಇದು ನಿಜಕ್ಕೂ ಕಷ್ಟ! ಎಲ್ಲಿ ತಡವರಿಸಿದರು, ಅದಕ್ಕೆ ನೀವು ಏನು ಬದಲಿಸಿದಿರಿ, ಎಲ್ಲವನ್ನೂ ಬರೆದು ಪೋರ್ಟ್‌ಫೋಲಿಯೊಗೆ ಸೇರಿಸಿ. ಗುಂಪಿನ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ನೇರವಾಗಿ ಹಾಕಿ.

ಹಾಂ, 2009ರಿಂದ ನಡೆಯುತ್ತಿರುವ, ತಂಡ ಕಟ್ಟಿ ಕೆಲವೇ ದಿನಗಳಲ್ಲಿ ಗೇಮ್ ಮಾಡುವ ಕೂಟವಾದ ಗ್ಲೋಬಲ್ ಗೇಮ್ ಜಾಮ್‌ಗೆ ಮೊದಲ ವರ್ಷವೇ ಹೋಗಿ. ಕೋಡ್ ಬರದಿದ್ದರೂ ಪರವಾಗಿಲ್ಲ. ಚಿತ್ರ, ಸದ್ದು, ಕಥೆ ಮಾಡುವವರೂ ತಂಡಕ್ಕೆ ಬೇಕು.