ಇರುಳಿನಲ್ಲಿ ಕಯಾಕ್: ದೀಪವನ್ನು ಎಲ್ಲಿ, ಹೇಗೆ ಕಟ್ಟಬೇಕು?

ಬೆಂಗಳೂರಿನಿಂದ ಹೋಗಿ ಕತ್ತಲಾದ ಮೇಲೆ ಹಿನ್ನೀರಿಗೆ ಕಯಾಕ್ ಇಳಿಸುವ ಗುಂಪುಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಎಲ್ಲರ ಹಣೆಯಲ್ಲೂ ಹೆಡ್‌ಲ್ಯಾಂಪ್ ಉರಿಯುತ್ತಿರುತ್ತದೆ, ದೋಣಿಯ ಮೇಲೆ ಒಂದೂ ದೀಪವಿರುವುದಿಲ್ಲ.

ಅರ್ಕಾವತಿಯ ಮಂಚನಬೆಲೆಯಾಗಲಿ, ಶರಾವತಿ ಹಿನ್ನೀರಿನ ಹೊನ್ನೆಮರಡುವಾಗಲಿ, ಅಲ್ಲಿನ ಅನುಮತಿ ಸಿಗದಿದ್ದರೆ ನೀರಿಗೆ ಇಳಿಯಲೇಬಾರದು. ಸಿಕ್ಕರೆ, ಅದೇ ದಾರಿಯಲ್ಲಿ ಹಗಲಿನಲ್ಲೊಮ್ಮೆ ಹುಟ್ಟು ಹಾಕಿ, ಮುಳುಗಿದ ಮರದ ಬೊಡ್ಡೆಗಳನ್ನೂ ಮೀನುಬಲೆಗೆ ಕಟ್ಟಿದ ಥರ್ಮಾಕೋಲ್ ತುಂಡುಗಳನ್ನೂ ಗುರುತಿಟ್ಟುಕೊಳ್ಳಬೇಕು. ಮಗುಚಿದ ದೋಣಿಯನ್ನು ಮರಳಿ ಹತ್ತುವ ಅಭ್ಯಾಸವೂ ಹಗಲಿನಲ್ಲೇ ಆಗಿರಲಿ.

ಲೈಫ್ ಜಾಕೆಟ್ ತೊಟ್ಟ ಮೇಲೆ ಅದರ ಭುಜದ ಪಟ್ಟಿಗಳನ್ನು ಮತ್ತೊಬ್ಬರಿಂದ ಮೇಲಕ್ಕೆ ಎಳೆಸಿ ನೋಡಿ; ಅದು ಗಲ್ಲ ದಾಟಿ ಬಂದರೆ ಬಿಗಿ ಸಾಲದು.

ಇನ್ನು ದೀಪದ ವಿಷಯ. ಕಣ್ಣು ಕತ್ತಲೆಗೆ ಒಗ್ಗಲು ಸುಮಾರು 20ರಿಂದ 30 ನಿಮಿಷ ಬೇಕು. ಹೆಡ್‌ಲ್ಯಾಂಪ್ ತೊಟ್ಟವರೊಬ್ಬರು ನಿಮ್ಮತ್ತ ತಿರುಗಿದರೆ ಆ ಹೊಂದಾಣಿಕೆ ಕ್ಷಣದಲ್ಲಿ ಕೆಟ್ಟುಹೋಗುತ್ತದೆ. ಆದ್ದರಿಂದ ಆಸನದ ಹಿಂಬದಿಯಲ್ಲಿ ಒಂದು ಕೋಲು ನಿಲ್ಲಿಸಿ, ಕುಳಿತವರ ತಲೆಗಿಂತ ಎತ್ತರದಲ್ಲಿ, ಸುತ್ತಲೂ ಬೆಳಕು ಬೀರುವ ಬಿಳಿ ದೀಪವನ್ನು ಕಟ್ಟಬೇಕು. ಜಾಕೆಟ್ಟಿನ ಬೆನ್ನಿಗೆ ಸಿಕ್ಕಿಸುವುದು ಸುಲಭವೆಂದು ಹಲವರು ಹೇಳುತ್ತಾರೆ, ಆದರೆ ಆ ದೀಪ ಎದುರಿನಿಂದ ಬರುವ ಹರಿಗೋಲಿನವರಿಗೆ ಕಾಣುವುದೇ ಇಲ್ಲ. ದೀಪದ ಕೆಳಗೆ ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ತಟ್ಟೆಯೊಂದನ್ನು ಅಡ್ಡಲಾಗಿ ಸಿಕ್ಕಿಸಿದರೆ, ಒದ್ದೆಯಾದ ದೋಣಿಯ ಮೇಲ್ಮೈಯಿಂದಲೂ ಹುಟ್ಟಿನ ಅಲಗಿನಿಂದಲೂ ಬೆಳಕು ಚಿಮ್ಮಿ ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ. ದಡದಲ್ಲೇ ದೋಣಿಯಲ್ಲಿ ಒಬ್ಬರನ್ನು ಕೂರಿಸಿ, ದೂರದಿಂದ ಒಂದು ಸುತ್ತು ನಡೆದು, ದೀಪ ಎಲ್ಲ ದಿಕ್ಕಿನಿಂದಲೂ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಮಿಣುಕುವ ದೀಪ ಬೇಡ. ಅದನ್ನು ಕಂಡವರು ಯಾರೋ ಅಪಾಯದಲ್ಲಿದ್ದಾರೆಂದು ತಿಳಿಯುತ್ತಾರೆ.

ಇದರ ಜೊತೆಗೆ ಕೈಗೆಟಕುವಂತೆ ಒಂದು ಟಾರ್ಚನ್ನು ದಾರದಿಂದ ಜಾಕೆಟ್ಟಿಗೆ ಕಟ್ಟಿರಬೇಕು. ಕೋಲಿನ ದೀಪವಿಲ್ಲದ ಹುಟ್ಟಿನ ದೋಣಿಯೂ ಡಿಕ್ಕಿ ತಪ್ಪಿಸುವಷ್ಟು ಮುಂಚಿತವಾಗಿ ಬಿಳಿ ಬೆಳಕು ತೋರಿಸಲು ಟಾರ್ಚ್ ಸಿದ್ಧವಾಗಿಟ್ಟುಕೊಂಡಿರಬೇಕೆಂದು ಸಮುದ್ರಯಾನದ 1972ರ ಅಂತರರಾಷ್ಟ್ರೀಯ ನಿಯಮಗಳೇ ಹೇಳುತ್ತವೆ. ಡಬ್ಬಿಯ ಮೇಲೆ ಬರೆದ ‘ವಾಟರ್‌ಪ್ರೂಫ್’ ಎಂಬ ಮಾತನ್ನು ನಂಬಬೇಡಿ. ಅಗ್ಗದ ಟಾರ್ಚುಗಳಲ್ಲಿ ಗುಂಡಿಯ ರಬ್ಬರಿನ ಸಂದಿಯಿಂದಲೇ ನೀರು ಇಳಿಯುತ್ತದೆ. ಹಿಂದಿನ ದಿನವೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಪರೀಕ್ಷಿಸಿ. ನಕ್ಷೆ ನೋಡಲು ಮಂದವಾದ ಕೆಂಪು ಬೆಳಕು ಸಾಕು.

ಸೀಟಿ ಕೊರಳಿಗಲ್ಲ, ಜಾಕೆಟ್ಟಿಗೆ ಕಟ್ಟಿರಲಿ. ಗುಂಪಿನವರು ಆಗಾಗ ತಮ್ಮ ಸಂಖ್ಯೆಯನ್ನು ಕೂಗಿ ಹೇಳಬೇಕು. ಒಂದು ಸಂಖ್ಯೆ ಕೇಳದಿದ್ದರೂ ಎಲ್ಲರೂ ನಿಲ್ಲಬೇಕು. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬಾರದು. ಮರಳುವ ಸಮಯವನ್ನು ದಡದಲ್ಲಿರುವ ಒಬ್ಬರಿಗೆ ಬರೆದುಕೊಟ್ಟು, ಆ ಸಮಯ ಮೀರಿದರೆ 112ಕ್ಕೆ ಕರೆ ಮಾಡುವಂತೆ ತಿಳಿಸಿ ಹೊರಡಿ.