ಡಿಗ್ರಿಯನ್ನೂ ಬಿಡಲಿಲ್ಲ, ಗೇಮನ್ನೂ ಬಿಡಲಿಲ್ಲ: ನನ್ನ ಅನುಭವ

2024ರ ಏಪ್ರಿಲ್‌ನಲ್ಲಿ ಇಲಕಲ್‌ನ ನಮ್ಮ ಬ್ಯಾಂಕಿನಿಂದ ಫೋನ್ ಬಂತು. "ನಿಮ್ಮ ಖಾತೆಗೆ ಹೊರಗಿನ ದೇಶದಿಂದ ರೊಕ್ಕ ಬಂದೈತ್ರಿ. ಯಾತರದ್ದು ಅಂತ ಬರದು ಕೊಟ್ಟು ಹೋಗ್ರಿ" ಎಂದರು. ಅಪ್ಪನನ್ನೂ ಕರೆದುಕೊಂಡು ಹೋದೆ. ಕೌಂಟರ್‌ನಲ್ಲಿದ್ದವರು ಪರ್ಪಸ್ ಕೋಡ್, ಅಂದರೆ ದುಡ್ಡು ಯಾತಕ್ಕೆ ಬಂತು ಎನ್ನುವ ಸಂಕೇತ ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಅಪ್ಪನೇ ಹೇಳಿದರು: "ಇವಾ ಮಾಡಿದ ಆಟದ ರೊಕ್ಕ ರೀ." ಮೂರು ವರ್ಷ 'ಆಟ' ಎನ್ನುವ ಮಾತನ್ನು ಸಿಟ್ಟಿನಿಂದಲೇ ಆಡಿದ್ದ ಅಪ್ಪ ಅವತ್ತು ಅದನ್ನು ಹೇಳಿದ ರೀತಿ ನನಗೆ ಈಗಲೂ ಕಿವಿಯಲ್ಲಿದೆ.

ಎಂಜಿನಿಯರಿಂಗ್ ಮುಗಿಸಲಾ, ಬಿಟ್ಟು ಗೇಮ್ ಡೆವಲಪ್‌ಮೆಂಟ್ ಟ್ರೇನಿಂಗ್ ಸೇರಲಾ ಎಂದು ಕೇಳುವ ಹುಡುಗರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ. ನಾನು ಎರಡರಲ್ಲಿ ಒಂದನ್ನು ಆರಿಸಲಿಲ್ಲ. ಡಿಗ್ರಿಯನ್ನೇ ಗೇಮ್ ಕಲಿಯುವ ಜಾಗ ಮಾಡಿಕೊಂಡೆ. "ಎರಡು ದೋಣಿ ಮೇಲೆ ಕಾಲಿಟ್ಟರೆ ಮುಳುಗ್ತಿ" ಎಂದವರೇ ಎಲ್ಲರೂ. ಮುಳುಗಲಿಲ್ಲ.

2019ರಲ್ಲಿ ಬೆಳಗಾವಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದೆ. ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ), 2018ರ ಪಠ್ಯಕ್ರಮ. ಒಂದು ವರ್ಷ ತುಂಬುವುದರೊಳಗೆ ಲಾಕ್‌ಡೌನ್ ಬಂತು, ಇಲಕಲ್‌ಗೆ ಮರಳಿದೆ. ಮೂರನೇ ಸೆಮಿಸ್ಟರ್ ರಿಸಲ್ಟ್ ಬಂದಾಗ ಎಂ-3 (ಮೂರನೇ ಸೆಮಿಸ್ಟರ್ ಗಣಿತ) ಮತ್ತು ಅನಲಾಗ್-ಡಿಜಿಟಲ್ ಎಲೆಕ್ಟ್ರಾನಿಕ್ಸ್ ಎರಡೂ ಹೋಗಿದ್ದವು. ಕಾರಣ ಸರಳ. ರಾತ್ರಿಯೆಲ್ಲ ಗೇಮ್ ಮಾಡುತ್ತಿದ್ದೆ, ಹಗಲು ನಿದ್ದೆ ಹೊಡೆಯುತ್ತಿದ್ದೆ. ಗೆಳೆಯನ ಜೊತೆ ಸೇರಿ ಎಲ್ಲಿ ಬೇಕಾದರೂ ಅಲೆದಾಡಬಹುದಾದ ದೊಡ್ಡ ಓಪನ್ ವರ್ಲ್ಡ್ ಆಟ ಶುರು ಮಾಡಿದ್ದೆವು. ಸುಮಾರು ಏಳು ತಿಂಗಳು ಅದಕ್ಕೆ ಸುರಿದೆವು. ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಗುಡ್ಡ, ಅದರ ಮೇಲೆ ಓಡುವ ಒಬ್ಬ ಮನುಷ್ಯ. ಅಷ್ಟೇ. ಅವನು ಮಾಡಲು ಏನೂ ಕೆಲಸ ಇರಲಿಲ್ಲ.

ಆಗಲೇ ಡಿಗ್ರಿ ಬಿಡಬೇಕು ಅಂತ ತಲೆಗೆ ಬಂದದ್ದು. ಬೆಂಗಳೂರಿನ ಒಂದು ಟ್ರೇನಿಂಗ್ ಸಂಸ್ಥೆಗೆ ಫೋನ್ ಮಾಡಿದೆ. ಹನ್ನೊಂದು ತಿಂಗಳ ಕೋರ್ಸ್, ಫೀ ಎರಡೂವರೆ ಲಕ್ಷದ ಮೇಲೆ. ಪಿಜಿ, ಊಟ ಸೇರಿದರೆ ಮೂರೂವರೆ ದಾಟುತ್ತಿತ್ತು. "ಸೀಟು ಎರಡೇ ಉಳಿದಿವೆ" ಎಂದರು. ಅವ್ವನ ಹತ್ತಿರ ಕಾಡಿ ಬೇಡಿ 15,000 ತಗೊಂಡು ಟೋಕನ್ ಕಟ್ಟಿದೆ. ಮನೆಯಲ್ಲಿ ಜಗಳ ಆಗಿ ಮನಸ್ಸು ಬದಲಾಯಿಸಿದ ಮೇಲೆ ಆ ದುಡ್ಡು ವಾಪಸ್ ಬರಲಿಲ್ಲ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಅವ್ವ ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ನನಗೇ ತಡೆಯಲಾಗಲಿಲ್ಲ.

ಜಗಳ ಆಡಿದ್ದು ಕಾಕಾ. "ಆಟ ಮಾಡಿ ಯಾರರ ಹೊಟ್ಟಿ ತುಂಬಿಸ್ಕೊಂಡಾರೇನಲೇ?" ಎಂದರು. ಆದರೆ ಅವರು ಕೇಳಿದ ಎರಡನೇ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. "ಆ ಕೋರ್ಸಿನ್ಯಾಗ ಏನ್ ಕಲಿಸ್ತಾರ, ಹಾಳಿ ಮ್ಯಾಲೆ ಬರದು ತೋರಸು." ಬರೆದೆ. ಸಿ++, ಡೇಟಾ ಸ್ಟ್ರಕ್ಚರ್, ಗ್ರಾಫಿಕ್ಸ್, ವೆಕ್ಟರ್-ಮ್ಯಾಟ್ರಿಕ್ಸ್, ಎಐ, ಒಂದು ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್), ಕೊನೆಗೆ ಪೋರ್ಟ್‌ಫೋಲಿಯೊ. ಪಕ್ಕದಲ್ಲಿ ನಮ್ಮ ಸಿಲಬಸ್ ಇಟ್ಟು ನೋಡಿದೆ. ಎಂಜಿನ್ ಮತ್ತು ಪೋರ್ಟ್‌ಫೋಲಿಯೊ ಬಿಟ್ಟರೆ ಉಳಿದದ್ದೆಲ್ಲ ಎಂಟು ಸೆಮಿಸ್ಟರ್‌ನಲ್ಲಿ ಇತ್ತು. ಹೇಗೂ ಅದಕ್ಕೆ ಫೀ ಕಟ್ಟುತ್ತಿದ್ದೆ. ಸುಮ್ನೆ ಪಾಸಾಗಲು ಓದುತ್ತಿದ್ದೆ, ಅದೇ ತಪ್ಪು.

ಅಲ್ಲಿಂದ ಒಂದು ಪದ್ಧತಿ ಹಾಕಿಕೊಂಡೆ. ಪ್ರತಿ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಹಿಡಿಯುವುದು, ಅದರಿಂದ ಒಂದು ಸಣ್ಣ ಗೇಮ್ ಮಾಡುವುದು, ಮೂವತ್ತು ದಿನದಲ್ಲಿ ಮುಗಿಸಿ ಇಚ್.ಐಒ ಎಂಬ ಗೇಮ್ ಹಂಚುವ ತಾಣದಲ್ಲಿ ಹಾಕುವುದು. ಅಲ್ಲಿ ಹಾಕಲು ದುಡ್ಡು ಬೇಡ. ಎರಡನೇ ಇಂಟರ್ನಲ್ಸ್ ಮುಗಿದ ದಿನ ಗೇಮ್ ಕೆಲಸ ಮುಚ್ಚಬೇಕು. ಪರೀಕ್ಷೆ ರಜೆಯಲ್ಲಿ ಎಂಜಿನ್ ತೆರೆಯುವಂತಿಲ್ಲ. ಬೆಳಗಾವಿ ತಿಳಕವಾಡಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಅನ್ನು ರೂಮ್‌ಮೇಟ್ ಕೈಗೆ ಕೊಟ್ಟುಬಿಡುತ್ತಿದ್ದೆ. ಫೇಲಾಗಿದ್ದ ಆ ಎರಡು ವಿಷಯ (ಬ್ಯಾಕ್) ಕ್ಲಿಯರ್ ಆದದ್ದು ಈ ಚಾರ್ಜರ್‌ನಿಂದಲೇ.

ಒಳ್ಳೆಯದು ಬಂದದ್ದು ಡಿಸ್ಕ್ರೀಟ್ ಮ್ಯಾಥ್ಸ್‌ನಿಂದ. ಅವ್ವ ಇಲಕಲ್ ಸೀರೆಗೆ ಕಸೂತಿ ಹಾಕುತ್ತಾಳೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುತ್ತಾಳೆ. ಗವಂತಿ ಹೊಲಿಗೆಯಲ್ಲಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ದಾರ ಹೊರಟಲ್ಲಿಗೇ ಬರಬೇಕು, ಮುಂದೆ-ಹಿಂದೆ ಎರಡೂ ಕಡೆ ಗೋಪುರದ ಚಿತ್ತಾರ ಒಂದೇ ಥರ ಕಾಣಬೇಕು. ಒಂದು ದಿನ ಮಧ್ಯಾಹ್ನ ಪಕ್ಕದಲ್ಲಿ ಕೂತು ಆಯ್ಲರ್ ದಾರಿಯ ಪಾಠ ಓದುತ್ತಿದ್ದೆ. ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಬರಬಹುದೇ ಎನ್ನುವ 1736ರ ಲೆಕ್ಕ. ತಲೆ ಎತ್ತಿ ನೋಡಿದರೆ ಅವ್ವನ ಸೂಜಿ ಅದನ್ನೇ ಮಾಡುತ್ತಿತ್ತು! ಪ್ರತಿ ಗೆರೆಯ ಮೇಲೆ ಎರಡು ಸಲ ಹೋದರೆ ಎಲ್ಲ ಬಿಂದುವಿನಲ್ಲೂ ಸಮ ಸಂಖ್ಯೆ ಬರುತ್ತದೆ. ಹಾಗಾಗಿ ಹೊರಟಲ್ಲಿಗೇ ಮರಳುವ ದಾರಿ ಸಿಕ್ಕೇ ಸಿಗುತ್ತದೆ. ಚೌಕದ ಮನೆಗಳಲ್ಲಿ ಹೋದ ದಿಕ್ಕಿಗೆ ಎದುರಾಗಿ ಬಂದರೆ ಮೇಲೆ-ಕೆಳಗೆ ಕೂಡ ತಾನಾಗಿ ಸರಿಹೋಗುತ್ತದೆ. "ಅವ್ವಾ, ಇದನ್ನ ಆಟ ಮಾಡ್ಲೇನು?" ಎಂದೆ. "ದಾರ ತುಂಡಾಗದಂಗ ಮಾಡು" ಎಂದಳು.

ಆರನೇ ಸೆಮಿಸ್ಟರ್‌ನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್‌ಗೆ ಮಿನಿ ಪ್ರಾಜೆಕ್ಟ್ ಇತ್ತು, ಅಲ್ಲೇ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಸಾಧನದಲ್ಲಿ ಈ ಕಸೂತಿ ಆಟಕ್ಕೆ ಮೊದಲ ರೂಪ ಕೊಟ್ಟೆ. ಸೀನಿಯರ್‌ಗಳು ಹಳೆ ಪ್ರಾಜೆಕ್ಟಿನ ಹೆಸರು ಬದಲಿಸಿ ಕೊಡು, ಟೈಮ್ ಉಳಿಯುತ್ತದೆ ಎಂದರು. ಕೇಳಲಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಹತ್ತು ನಿಮಿಷ ಆಡಿದರು. ನಮ್ಮ ಬ್ಯಾಚ್‌ನಲ್ಲಿ ಅಷ್ಟು ಹೊತ್ತು ನಿಂತದ್ದು ನನ್ನ ಕಂಪ್ಯೂಟರ್ ಮುಂದೆ ಮಾತ್ರ. ಏಳನೇ ಸೆಮಿಸ್ಟರ್ ಎಐ ಲ್ಯಾಬ್‌ನ ಎ-ಸ್ಟಾರ್ ಎಂಬ ದಾರಿ ಹುಡುಕುವ ಪ್ರೋಗ್ರಾಂ ಸುಳಿವು ಕೊಡುವ ಬಟನ್ ಆಯಿತು. ಎಂಟನೆಯದರಲ್ಲಿ ಲೆವಲ್‌ಗಳನ್ನು ತಾನಾಗಿ ಹುಟ್ಟಿಸುವ ಜನರೇಟರ್ ಅನ್ನೇ ಫೈನಲ್ ಪ್ರಾಜೆಕ್ಟ್ ಮಾಡಿದೆ. ಗೈಡ್ ಮೊದಲು ಒಪ್ಪಲಿಲ್ಲ. "ಗೇಮ್ ಅಂತ ಬರೀಬ್ಯಾಡ, ಗ್ರಾಫ್ ಅಲ್ಗಾರಿದಂ ಅಂತ ಬರಿ" ಎಂದರು. ಹಾಗೇ ಬರೆದೆ. ಹೆಸರಿಗಾಗಿ ಯಾಕೆ ಗುದ್ದಾಡಬೇಕು?

ದೊಡ್ಡ ಪೆಟ್ಟು ಬಿದ್ದದ್ದು ಓರೆ ಗೆರೆಯಿಂದ. ತೇರು, ನವಿಲು ಬೇಕೆಂದರೆ ಚೌಕ ಸಾಲದು, ಓರೆ ಹೊಲಿಗೆ ಬೇಕು. ಅದನ್ನು ಸೇರಿಸಿದ ದಿನ ನನ್ನ ಮೇಲೆ-ಕೆಳಗಿನ ಸಮ-ಬೆಸ ಲೆಕ್ಕ ಕೈಕೊಟ್ಟಿತು. ಜನರೇಟರ್ ಬಿಡಿಸಲಾಗದ ಲೆವಲ್‌ಗಳನ್ನು ಉಗುಳತೊಡಗಿತು. ಸುಮಾರು ಇನ್ನೂರು ಲೆವಲ್ ಎಸೆದೆ. ಎರಡು ತಿಂಗಳು ಹೋಯಿತು. ಕೊನೆಗೆ ಅವ್ವ ನವಿಲಿನ ಗರಿಯನ್ನು ಎಲ್ಲಿಂದ ಶುರು ಮಾಡುತ್ತಾಳೆ ಎಂದು ವಿಡಿಯೊ ಮಾಡಿ ನೋಡಿದಾಗ ಗುಟ್ಟು ಸಿಕ್ಕಿತು. ಆ ಗುಟ್ಟು ಇಲ್ಲಿ ಬರೆಯುವುದಿಲ್ಲ. ಮುಂದಿನ ಗೇಮ್‌ಗೂ ಅದೇ ಬೇಕು. ಸೂಜಿ ಹಿಡಿದವರನ್ನು ಕೇಳಿ ಎಂದಷ್ಟೇ ಹೇಳುತ್ತೇನೆ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಗೋಲಗುಮ್ಮಟದ ಪ್ರತಿಧ್ವನಿಯನ್ನು ಗೇಮ್‌ನಲ್ಲಿ ಹಾಕಬೇಕು ಅಂತ. ವಿಜಯಪುರದ ಮಾಮಾನ ಮನೆಯಲ್ಲಿ ರಾತ್ರಿ ಉಳಿದು, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಏಳು ಅಂತಸ್ತಿನ ಮೂಲೆ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿ ಸೇರಿದೆ. ಮನೆಯಿಂದ ಎರಡು ಹಳೆ ಲಾಳಿ ತಂದಿದ್ದೆ, ಮಗ್ಗದವು. ಒಂದಕ್ಕೊಂದು ಹೊಡೆದೆ. ಟಕ್ ಎನ್ನುವ ಸದ್ದು ಸುತ್ತಿ ಬಂದು ಏಳೆಂಟು ಸಲ ಕೇಳಿತು. ಮೂರು ಸಲ ರೆಕಾರ್ಡ್ ಆಗುವಷ್ಟರಲ್ಲಿ ಶಾಲಾ ಮಕ್ಕಳ ಪ್ರವಾಸ ಬಂತು, ಕೂಗಾಟ ಶುರುವಾಯಿತು, ಮುಗಿಯಿತು ಕಥೆ. ಆ ಪ್ರತಿಧ್ವನಿಯನ್ನು ಬೇರೆ ಸದ್ದಿಗೆ ಅಂಟಿಸಲು ಕನ್ವಲ್ಯೂಷನ್ ಎನ್ನುವ ಗಣಿತ ಬೇಕು. ಅಂದರೆ ನಾನು ಫೇಲಾಗಿದ್ದ ಅದೇ ಎಂ-3! ಲಾಪ್ಲಾಸ್, ಫೂರಿಯೆ ಎಲ್ಲ ಮತ್ತೆ ತೆಗೆದು ಓದಿದೆ, ಈ ಸಲ ಅಂಕಕ್ಕಾಗಿ ಅಲ್ಲ. ಆದರೆ ಸದ್ದು ಬಹಳ ಉದ್ದವಾಗಿ, ಸೂಜಿ ಚುಚ್ಚುವ ಸಣ್ಣ ಸದ್ದನ್ನೆಲ್ಲ ಮುಚ್ಚಿಹಾಕಿತು. ಈಗ ಲೆವಲ್ ಮುಗಿದಾಗ ಒಂದೇ ಒಂದು ಸಲ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿದವರು ಅದನ್ನೇ ಹೊಗಳುತ್ತಾರೆ.

ಈಗ ದುಡ್ಡಿನ ಮಾತು. ನೆನಪಿನಿಂದ ಹೇಳುತ್ತಿದ್ದೇನೆ. ಲ್ಯಾಪ್‌ಟಾಪ್ ಸುಮಾರು 41,000, ಅದು ಕಾಲೇಜಿಗೆ ಹೇಗೂ ಬೇಕಿತ್ತು. ರ‍್ಯಾಮ್ 16 ಜಿಬಿ ಮಾಡಿಸಿದ್ದಕ್ಕೆ 3,000 ಒಳಗೆ. ಗೊಡೊ ಎಂಜಿನ್, 3ಡಿ ಚಿತ್ರ ಮಾಡುವ ಬ್ಲೆಂಡರ್ ಎರಡೂ ಪುಕ್ಕಟೆ. ಹುಬ್ಬಳ್ಳಿಯಲ್ಲಿ ಎರಡು ತಿಂಗಳು ಭಾನುವಾರದ ಬ್ಲೆಂಡರ್ ಕ್ಲಾಸ್‌ಗೆ 6,000 ಕೊಟ್ಟೆ, ಒಂದು ರೂಪಾಯಿಯೂ ದಂಡ ಅಲ್ಲ. ಪ್ಲೇ ಸ್ಟೋರ್ ಖಾತೆಗೆ 25 ಡಾಲರ್, ಒಂದೇ ಸಲ. ಅಲ್ಲಿ ಹಾಕಿದ ಮೊದಲ ಗೇಮ್ ಜಾಹೀರಾತಿನಿಂದ ನಾಲ್ಕು ತಿಂಗಳಲ್ಲಿ 700 ರೂಪಾಯಿ ಚಿಲ್ಲರೆ ಗಳಿಸಿತು. 100 ಡಾಲರ್ ಆಗದೆ ಅದು ಕೈಗೆ ಬರುವುದಿಲ್ಲ, ಬರಲೂ ಇಲ್ಲ. ಬಿಟ್ಟುಬಿಟ್ಟೆ. ಕಸೂತಿ ಆಟವನ್ನು ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಒಯ್ದೆ. ಅಲ್ಲಿ ಒಂದು ಗೇಮ್‌ಗೆ 100 ಡಾಲರ್ ಕಟ್ಟಬೇಕು, ಆಗ ಎಂಟು ಸಾವಿರ ಚಿಲ್ಲರೆ ಆಯಿತು. ಮಾರಾಟ 1,000 ಡಾಲರ್ ದಾಟಿದರೆ ಅದು ವಾಪಸ್ ಬರುತ್ತದೆ. ಟ್ಯಾಕ್ಸ್ ಫಾರಂಗೆ ಪ್ಯಾನ್ ನಂಬರ್ ಸಾಕು. ಮೊದಲ ವರ್ಷ 1,400ರ ಆಸುಪಾಸು ಪ್ರತಿ ಹೋದವು. ಸ್ಟೀಮ್‌ನ ಶೇ 30, ಟ್ಯಾಕ್ಸ್, ರಿಫಂಡ್ ಎಲ್ಲ ಕಳೆದು ಕೈಗೆ ಒಂದೂವರೆ ಲಕ್ಷದ ಹತ್ತಿರ ಬಂತು. ಕೊಂಡವರಲ್ಲಿ ಹೆಚ್ಚಿನವರು ಹೊರದೇಶದ ಹೊಲಿಗೆ ಹವ್ಯಾಸದವರು. ಅವರನ್ನು ಹೇಗೆ ಮುಟ್ಟಿದೆ ಎನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

2023ರಲ್ಲಿ ಪಾಸಾದಾಗ ಕ್ಯಾಂಪಸ್‌ನಲ್ಲಿ ಒಂದು ಸರ್ವಿಸ್ ಕಂಪನಿಯ ಆಫರ್ ಸಿಕ್ಕಿತ್ತು. ಶೇ 60 ಇರಬೇಕು, ಬ್ಯಾಕ್ ಇರಬಾರದು ಎಂಬ ಷರತ್ತು. ಎರಡೂ ಸರಿಯಾಗಿದ್ದವು. ಆದರೆ ಸೇರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಎಂಟು-ಒಂಬತ್ತು ತಿಂಗಳು ಮನೆಯಲ್ಲೇ ಕೂತೆ. ಆಫರ್ ಲೆಟರ್ ಇದ್ದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಆ ನೆರಳಿನಲ್ಲಿ ಗೇಮ್ ಮುಗಿಯಿತು. 2024ರ ಮಧ್ಯದಲ್ಲಿ ಬೆಂಗಳೂರಿನ ಸಣ್ಣ ಸ್ಟುಡಿಯೊದಲ್ಲಿ ಗೇಮ್‌ಪ್ಲೇ ಪ್ರೋಗ್ರಾಮರ್ ಆಗಿ ಸೇರಿದೆ, ವರ್ಷಕ್ಕೆ ಆರೂವರೆ ಲಕ್ಷದ ಮೇಲೆ. ಇಂಟರ್‌ವ್ಯೂನಲ್ಲಿ ಮೊದಲು ನೋಡಿದ್ದು ಗೇಮ್. ಆಮೇಲೆ ಡಾಟ್ ಪ್ರಾಡಕ್ಟ್, ಆಬ್ಜೆಕ್ಟ್ ಪೂಲಿಂಗ್ ಥರದ ತಾಂತ್ರಿಕ ಪ್ರಶ್ನೆ ಕೇಳಿದರು. ಓರೆ ಗೆರೆಯ ಬಗ್ ಬಗ್ಗೆ ಬರೆದಿಟ್ಟ ನೋಟ್‌ಬುಕ್ ತೋರಿಸಿದೆ. ಅರ್ಧ ಗಂಟೆ ಅದರ ಮೇಲೇ ಮಾತು ನಡೆಯಿತು. ಮಾರ್ಕ್ಸ್ ಕಾರ್ಡ್ ಕೇಳಿದ್ದು ಕೊನೆಗೆ, ಎಚ್‌ಆರ್. ಕೇಳಿದ್ದಂತೂ ಹೌದು.

ನನ್ನ ಬ್ಯಾಚ್‌ನ ಒಬ್ಬ ದುಡ್ಡು ಕಟ್ಟಿ ಆಡುವ ಆಟದ ಕಂಪನಿಯಲ್ಲಿದ್ದ, ಸಂಬಳ ನನಗಿಂತ ಜಾಸ್ತಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಅಂಥ ಆಟಗಳೇ ನಿಂತವು. ಅವನ ಕೆಲಸ ಹೋಯಿತು. ಡಿಗ್ರಿ ಇತ್ತು, ಎರಡು ತಿಂಗಳಲ್ಲಿ ಬೇರೆ ಕಡೆ ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಕೆಲಸಕ್ಕೆ ಸೇರಿದ. ಅವನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಕೋರ್ಸ್ ಮಾತ್ರ ಮಾಡಿದವನು, ಕೆಲಸದಲ್ಲಿ ಇವನಿಗಿಂತ ಚುರುಕು. ಆ ಹುಡುಗ ಇನ್ನೂ ಕೆಲಸ ಹುಡುಕುತ್ತಿದ್ದ ಎಂದು ಗೆಳೆಯ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಚಿತ್ರ ಬಿಡಿಸುವವರು, ಅನಿಮೇಷನ್ ಮಾಡುವವರ ಲೆಕ್ಕ ಬೇರೆ. ಅವರಿಗೆ ಕೈ ತಿದ್ದುವ ಗುರು ಬೇಕು, ಒಳ್ಳೆ ಟ್ರೇನಿಂಗ್ ಸಿಕ್ಕರೆ ಹೋಗಲಿ. ಆಗಲೇ ಎಂಜಿನಿಯರಿಂಗ್ ಫೀ ಕಟ್ಟುತ್ತಿರುವ, ಕೋಡ್ ಬರೆಯುವ ಹುಡುಗರ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

ನನ್ನ ತಮ್ಮ ಈಗ ಬೆಳಗಾವಿಯಲ್ಲೇ ಓದುತ್ತಿದ್ದಾನೆ. ಅವನಿಗೂ ಬಿಡುವ ಆಸೆ ಬಂದಿತ್ತು. ಹಳೆ ಲ್ಯಾಪ್‌ಟಾಪ್ ಕೊಟ್ಟೆ, ಚಾರ್ಜರ್ ಯಾರ ಕೈಗೆ ಕೊಡಬೇಕು ಎಂದೂ ಹೇಳಿದೆ. ಪ್ಲೇ ಸ್ಟೋರ್‌ನಲ್ಲಿ ಹೊಸ ವೈಯಕ್ತಿಕ ಖಾತೆಯಿಂದ ಗೇಮ್ ಬಿಡುವ ಮುಂಚೆ ಈಗ ಕನಿಷ್ಠ ಹನ್ನೆರಡು ಜನ ಹದಿನಾಲ್ಕು ದಿನ ಬಿಡದೆ ಟೆಸ್ಟ್‌ನಲ್ಲಿ ಇರಬೇಕು. ಹನ್ನೊಂದು ಜನ ಹಾಸ್ಟೆಲ್‌ನಲ್ಲೇ ಸಿಕ್ಕರಂತೆ. ಹನ್ನೆರಡನೆಯವಳು ಅವ್ವ. ಮೊನ್ನೆ ಅವನಿಗೆ ಫೋನ್ ಮಾಡಿ ಒಂಬತ್ತನೇ ಲೆವಲ್‌ನಲ್ಲಿ ಬಟನ್ ಒತ್ತಿದರೆ ಏನೂ ಆಗುವುದಿಲ್ಲ ಎಂದಳಂತೆ. ಅವಳು ಹೇಳಿದ್ದು ಸರಿ ಇತ್ತು, ಅವನು ಅದನ್ನೇ ರಿಪೇರಿ ಮಾಡುತ್ತಾ ಕೂತಿದ್ದಾನೆ.